ಈಶ್ವರಿಯ ಎಣ್ಣೆ ಡಬ್ಬಿ

ನಮ್ಮ ಕಾಣಿಯೂರಿನಿಂದ ಪುತ್ತೂರು ಪೇಟೆಗೆ ಹೋದವರಲ್ಲಿ, ಹೇಳಿ ಹೋದ ಸಾಮಾನನ್ನು ಮಾತ್ರ ತಂದವರನ್ನು ನಾನು ನೋಡಿಲ್ಲ, ಈಶ್ವರಿಯೊಬ್ಬಳನ್ನು ಬಿಟ್ಟು. ಉಪ್ಪಿಗೆ ಹೋದರೆ ಉಪ್ಪು ತಂದಳು. ಕೊಡೆ ರಿಪೇರಿಗೆ ಹೋದರೆ ಅದೇ ಹಳೆಯ ಕೊಡೆ ಹಿಡಿದುಕೊಂಡು ಬಂದಳು. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಪಕ್ಕದ ಮನೆಯಲ್ಲಿ ಇಂಥವಳೊಬ್ಬಳು ಇದ್ದರೆ ಬದುಕುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಈಶ್ವರಿ ನನ್ನ ಓರಗಿತ್ತಿ, ಮೈದುನ ರಾಮಪ್ರಸಾದನ ಹೆಂಡತಿ. ತೋಟ ಪಾಲಾದ ಮೇಲೆ ಅಂಗಳದ ಆಚೆ ಅವರ ಮನೆ, ಈಚೆ ನಮ್ಮದು. ನನ್ನ ಜಗಲಿಯಲ್ಲಿ ಕೂತರೆ ಅವಳು ಬಸ್ಸಿಳಿದು ಬರುವುದು ಕಾಣುತ್ತದೆ, ಅವಳ ಜಗಲಿಯಲ್ಲಿ ಕೂತರೆ ನಾನು ಬರುವುದು. ನಾನು ಬರುವಾಗ ಮೊದಲು ಚೀಲಗಳು ಕಾಣುತ್ತವಂತೆ, ಆಮೇಲೆ ನಾನು. ಈ ಮಾತು ರಾಮಪ್ರಸಾದನದ್ದು. ಅವನಿಗೆ ಬಾಯಿ ಹೆಚ್ಚು. ಅಂಥ ಹೆಂಡತಿ ಸಿಕ್ಕಿದರೆ ಯಾರಿಗಾದರೂ ಬಾಯಿ ಬರುತ್ತದೆ.

ನನ್ನ ಅಟ್ಟದಲ್ಲಿ ಒಂದರೊಳಗೆ ಒಂದು ಕೂರುವ ಸ್ಟೀಲು ಡಬ್ಬಗಳಿವೆ, ಸುತ್ತಿದ ಕಾಗದ ಇನ್ನೂ ಬಿಡಿಸದ ಫ್ಲಾಸ್ಕು ಇದೆ, ಇಡ್ಲಿ ಪಾತ್ರೆ ಇದೆ, ಅದರ ಜೊತೆಗೆ ಪುಕ್ಕಟೆ ಸಿಕ್ಕಿದ ಇನ್ನೊಂದು ಇಡ್ಲಿ ಪಾತ್ರೆಯೂ ಇದೆ. ಬೇಡವೆಂದು ಗೊತ್ತಿದ್ದೂ ತಂದದ್ದು ಅವುಗಳಲ್ಲಿ ಒಂದೂ ಇಲ್ಲ. ಎಲ್ಲವೂ ಅಂಗಡಿಯಲ್ಲಿ ಬೇಕಾಗಿದ್ದವು. ಮನೆಯ ಮೆಟ್ಟಿಲು ಹತ್ತುವಾಗ ಬೇಡವಾದವು. ನನ್ನ ಯಜಮಾನರು ಇದ್ದಷ್ಟು ಕಾಲ ನಗುತ್ತಿದ್ದರು. ಅವರು ಹೋದ ಮೇಲೆ ಮಗ ಗಿರಿಧರ ನಗುವುದಿಲ್ಲ, ಅಟ್ಟದ ಕಡೆ ನೋಡಿ ಉಸಿರು ಬಿಡುತ್ತಾನೆ.

ಈಶ್ವರಿಯ ಗುಟ್ಟು ಊರಿಗೆಲ್ಲ ಗೊತ್ತಿರುವ ಗುಟ್ಟು. ಅವಳ ಎಣ್ಣೆ ಡಬ್ಬಿ.

ಪುತ್ತೂರಿಗೆ ಹೋಗುವವರು ಒಣಗಿದ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು, ಪೇಟೆ ಕೆಲಸ ಮುಗಿಸಿ, ಬಸ್ಸಿನ ಹೊತ್ತಿಗೆ ಎಣ್ಣೆ ತೆಗೆದುಕೊಂಡು ಬರುವುದು ಕ್ರಮ. ಎಣ್ಣೆ ಹೊತ್ತುಕೊಂಡು ಪೇಟೆ ಸುತ್ತುವುದಕ್ಕೆ ಯಾರಿಗೆ ಹುಚ್ಚು? ಈಶ್ವರಿಗೆ. ಅವಳು ಮಿಲ್ಲಿನ ಬಾಗಿಲಲ್ಲೇ ಕೂತು, ಕೊಬ್ಬರಿ ಅರೆಯಿಸಿ, ಬಿಸಿ ಎಣ್ಣೆಯನ್ನು ಡಬ್ಬಿಗೆ ತುಂಬಿಸಿ, ಆಮೇಲೆ ಅಂಗಡಿಗೆ ಹೊರಡುವುದು. ಆ ಡಬ್ಬಿಯೋ, ಅವಳ ಅಪ್ಪನ ಅಂಗಡಿಯಲ್ಲಿ ಬಿಸ್ಕೇಟು ಇಡುತ್ತಿದ್ದ ತಗಡಿನದು. ಮುಚ್ಚಳ ಎಂದೋ ಹೋಗಿದೆ. ಬಾಯಿಗೆ ಅಡಿಕೆ ಹಾಳೆಯ ತುಂಡು ಮುಚ್ಚಿ ಬಾಳೆನಾರಿನಲ್ಲಿ ಕಟ್ಟುತ್ತಾಳೆ. ಅಡಿಯಲ್ಲಿ ಸಣ್ಣಗೆ ಜಿನುಗುತ್ತದೆ. ಹಾಗಾಗಿ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈ ಬಟ್ಟೆತುಂಡಿನೊಡನೆ ಅಡಿಯಲ್ಲಿ. ಎರಡೂ ಕೈಗೆ ಕೆಲಸ. ಅಂಗಡಿಯವರು ಏನು ತೋರಿಸಿದರೂ ಕಣ್ಣಲ್ಲಿ ನೋಡಬಹುದು, ಕೈಯಲ್ಲಿ ಹಿಡಿಯುವ ಹಾಗಿಲ್ಲ.

"ನಿನಗೆ ಒಂದು ಒಳ್ಳೆ ಕ್ಯಾನು ಸಿಗುದಿಲ್ವಾ?" ಎಂದು ನಾನು ಒಮ್ಮೆ ಕೇಳಿದ್ದೆ. ನನ್ನ ಅಟ್ಟದಲ್ಲೇ ಹೊಸತೊಂದು ಇತ್ತು.

"ಒಳ್ಳೆ ಕ್ಯಾನು ಆದ್ರೆ ಒಂದು ಕೈಯಲ್ಲಿ ಹಿಡೀಬಹುದಲ್ಲ ಅಕ್ಕ. ಮತ್ತೆ ಇನ್ನೊಂದು ಕೈ ಎಂತ ಮಾಡುದು?" ಎಂದಳು.

ಅವಳ ತವರು ಕಲ್ಲುಗುಂಡಿ. ಮಡಿಕೇರಿಗೆ ಹೋಗುವ ಬಸ್ಸುಗಳು ಘಾಟಿ ಹತ್ತುವ ಮೊದಲು ಅಲ್ಲಿ ಚಹಾಕ್ಕೆ ನಿಲ್ಲುತ್ತಿದ್ದ ಕಾಲದಲ್ಲಿ ಅವಳ ಅಪ್ಪನಿಗೆ ರಸ್ತೆ ಬದಿ ಅಂಗಡಿ ಇತ್ತು. ಕಿತ್ತಳೆ, ಜೇನು, ಬಿದಿರಿನ ಬುಟ್ಟಿ, ಮಕ್ಕಳ ಪೀಪಿ, ಎಲ್ಲ ಇಟ್ಟಿದ್ದರಂತೆ. ಶಾಲೆಯಿಂದ ಬಂದು ಲಂಗ ಕಟ್ಟಿಕೊಂಡು ನಿಲ್ಲುತ್ತಿದ್ದ ಮಗಳಿಗೆ ಅಪ್ಪ ಕಲಿಸಿದ್ದು ಒಂದೇ: "ಬಾಯಲ್ಲಿ ಎಂತದೂ ಹೇಳ್ಬೇಡ. ಕೈಗೆ ಕೊಡು." ಬಸ್ಸಿನಿಂದ ಇಳಿದವರ ಕೈಗೆ ಈಶ್ವರಿ ಜೇನಿನ ಬಾಟ್ಲಿ ಕೊಡುವಳು, ಸುಮ್ಮನೆ ನಿಲ್ಲುವಳು. ಕೈಗೆ ಬಂದದ್ದನ್ನು ತಿರುಗಿ ಕೊಡಲು ಜನರಿಗೆ ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕರ ಕೈಗೆ ಕೊಡೆ ಕೊಟ್ಟಳಂತೆ. ಕಂಕುಳಲ್ಲಿ ಒಂದು ಕೊಡೆ ಇದ್ದೂ ಅವರು ಅದನ್ನು ಕೊಂಡುಕೊಂಡು ಬಸ್ಸು ಹತ್ತಿದರಂತೆ. "ಪಾಪ, ಆ ಅಜ್ಜನ ಮುಖ ಈಗಲೂ ಕಣ್ಣ ಮುಂದೆ ಬರ್ತದೆ" ಎಂದು ಹೇಳಿ ನಗುತ್ತಾಳೆ. ಇನ್ನೊಬ್ಬರ ಕೈಗೆ ಕೊಟ್ಟು ಕೊಟ್ಟು ಬೆಳೆದವಳು ತನ್ನ ಕೈಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಈಗ ಫೋನಿನಲ್ಲೇ ಅಂಗಡಿ ಬಂದಿದೆ. ನನ್ನ ಮೊಮ್ಮಗಳು ಚಿನ್ಮಯೀ, "ಚಿಕ್ಕಜ್ಜೀ, ಇದು ನೋಡಿ, ಅರ್ಧಕ್ಕೆ ಸಿಗ್ತದೆ" ಎಂದು ಫೋನು ಹಿಡಿದುಕೊಂಡು ಈಶ್ವರಿಯ ಅಡುಗೆ ಮನೆಗೆ ಓಡುವಳು. "ಕೈಯಲ್ಲಿ ಹಿಟ್ಟುಂಟು ಮಗಾ, ನಾಳೆ ನೋಡುವ" ಎಂದು ಇವಳು. ನಾಳೆಗೆ ಇಬ್ಬರಿಗೂ ಮರೆತಿರುತ್ತದೆ. ಹುಡುಗಿ ನನ್ನ ಹತ್ತಿರ ಮೊದಲು ಬಂದ ದಿನಗಳಲ್ಲೆಲ್ಲ ಮರುವಾರ ಮನೆಗೆ ಪೆಟ್ಟಿಗೆ ಬಂದಿದೆ. ಹುಡುಗಿ ಬರಬರುತ್ತ ಅಂಗಳ ದಾಟಿ ಅಲ್ಲಿಗೇ ಹೋಗಲು ಕಲಿತಳು. ನನ್ನ ಕರುಳು ಉರಿದದ್ದು ಪೆಟ್ಟಿಗೆಗಲ್ಲ, ಅದಕ್ಕೆ.

ಕಳೆದ ಚಳಿಗಾಲ ಚಿನ್ಮಯೀಗೆ ನರಿಮೊಗರಿನಲ್ಲಿ ಸಂಬಂಧ ಕೂಡಿಬಂತು. ಅವಳು ಟೀಚರು. ಮದುವೆಯ ಮೇಲೂ ಶಾಲೆಗೆ ಹೋಗುವುದೆಂದು ಮಾತಾಯಿತು. ಇನ್ನು ಜವಳಿ ತೆಗೆಯಬೇಕು. ಮದುವೆಯ ಬಟ್ಟೆಗೆ ಮನೆಯವರೆಲ್ಲ ಒಟ್ಟಾಗಿ ಪೇಟೆಗೆ ಹೋಗುವ ದಿನವದು. ಹುಡುಗಿಯ ಪಕ್ಕದಲ್ಲಿ ಕೂತು ಧಾರೆ ಸೀರೆ ಆರಿಸುವ ಜಾಗ ಮನೆಯ ಹಿರಿಯ ಹೆಂಗಸಿನದ್ದು. ಚಿನ್ಮಯೀ ಹುಟ್ಟಿದಾಗ ಅವಳನ್ನು ಮೊದಲು ಸುತ್ತಿದ್ದು ನನ್ನ ಹಳೆಯ ಸೀರೆಯ ತುಂಡಿನಲ್ಲಿ. ಧಾರೆ ಸೀರೆಯೂ ನನ್ನ ಕೈಯಿಂದಲೇ ಹೋಗಬೇಕು ಎಂದು ನಾನು ಅಂದಿನಿಂದ ಎಣಿಸಿಕೊಂಡಿದ್ದೆ. ನನಗೆ ಬೇರೆ ಆಸೆ ಇರಲಿಲ್ಲ.

ಹೊರಡುವ ಹಿಂದಿನ ದಿನ ಗಿರಿಧರ ಜಗಲಿಯಲ್ಲಿ ನಿಂತು ಕಂಬಕ್ಕೆ ಹೇಳುವಂತೆ ಹೇಳಿದ: "ಅಮ್ಮನಿಗೆ ಅಂಗಡಿಯ ಮೆಟ್ಟಿಲು ಹತ್ಲಿಕ್ಕೆ ಕಷ್ಟ ಆಗ್ತದೆ. ಚಿಕ್ಕಮ್ಮ ಬಂದ್ರೆ ಸಾಕಲ್ಲ."

ನನ್ನ ಮೊಣಕಾಲು ನಿತ್ಯ ಅಟ್ಟ ಹತ್ತಿ ಇಳಿಯುತ್ತದೆ. ಅದು ಅವನಿಗೂ ಗೊತ್ತು. ನಾನು ಹೋದರೆ ಜೀಪು ತುಂಬ ಸೀರೆ ಬರುತ್ತದೆ ಎಂದು ಹೆದರಿದನೋ, ಗಂಡ ಹೋದವಳು ಧಾರೆ ಸೀರೆ ಮುಟ್ಟುವುದು ಬೇಡ ಎಂದು ಸೊಸೆ ಕಿವಿಯಲ್ಲಿ ಹೇಳಿದಳೋ ತಿಳಿಯದು. ಎರಡನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲವನ್ನೂ ಮೊಣಕಾಲಿನ ಮೇಲೆ ಹಾಕಿದರು.

ಅಂಗಳದಲ್ಲಿ ಅಡಿಕೆ ತಿರುವುತ್ತಿದ್ದ ಈಶ್ವರಿ ತಲೆ ಎತ್ತದೆ ಹೇಳಿದಳು: "ಅಕ್ಕ ಬರುದಾದ್ರೆ ನಾನು ಬರುದು. ಇಲ್ಲದಿದ್ರೆ ನೀವೇ ಹೋಗಿ ಬನ್ನಿ ಮಾರಾಯ್ರೆ."

ಜೀಪಿನಲ್ಲಿ ನನಗೆ ಜಾಗ ಆಯಿತು. ಸಂತೋಷ ಪಡಬೇಕಾಗಿತ್ತು. ನನಗೆ ಬಂದದ್ದು ಸಿಟ್ಟು. ನನ್ನ ಮೊಮ್ಮಗಳ ಜವಳಿಗೆ ನನಗೆ ಜಾಗ ಮಾಡಿಕೊಡುವುದು ಇವಳಾ? ಕೊಡುವುದರಲ್ಲೂ ಅವಳೇ ಮುಂದಾ?

ಬೆಳಿಗ್ಗೆ ಅವಳು ಕೊಬ್ಬರಿ ಚೀಲ, ಡಬ್ಬಿ ಹಿಡಿದುಕೊಂಡು ಬಂದಳು.

"ಇವತ್ತು ಎಂತಕ್ಕೆ ಚಿಕ್ಕಮ್ಮ ಎಣ್ಣೆ?" ಎಂದ ಗಿರಿಧರ.

"ಮದುವೆ ಮನೆಗೆ ಎಣ್ಣೆ ಬೇಡ್ವಾ? ಹಪ್ಪಳ ನೀರಲ್ಲಿ ಕಾಯಿಸ್ತೀಯಾ?"

ಮಿಲ್ಲಿನಿಂದ ಎಣ್ಣೆ ತುಂಬಿಸಿಕೊಂಡು ಅಂಗಡಿಗೆ ಹೋದೆವು. ಮೆಟ್ಟಿಲುಗಳನ್ನು ನಾನು ಎಲ್ಲರಿಗಿಂತ ಮೊದಲು ಹತ್ತಿದೆ, ಗಿರಿಧರನಿಗೆ ಕಾಣುವ ಹಾಗೆ. ಸೀರೆ ತೋರಿಸುವವನು ಫಯಾಝ್, ಅಪ್ಪನ ಕಾಲದಿಂದ ಬಟ್ಟೆ ಅಂಗಡಿಯಲ್ಲೇ ಇರುವವನು. ನಮ್ಮನ್ನು ನೋಡಿದ್ದೇ ಕೂಗಿದ:

"ಎಣ್ಣೆಯಮ್ಮ ಬಂದ್ರು! ಹೇ, ಆ ಬಿಳಿ ಸೀರೆಗಳನ್ನು ಮೇಲೆ ಇಡಿ ಮಾರಾಯ್ರೆ!"

"ನಿನ್ನ ಸೀರೆ ಮುಟ್ಟಿದ್ರಲ್ವಾ ಎಣ್ಣೆ ಹಿಡಿಯುದು? ನೀನೇ ಬಿಡಿಸು, ನೀನೇ ಮಡಚು" ಎಂದಳು ಈಶ್ವರಿ.

"ಅದೇ ಅಮ್ಮ ನನ್ನ ಕರ್ಮ. ನೀವು ಜವಳಿಗೆ ಬಂದ ದಿನ ನನಗೆ ಮಡಚುವ ಕೆಲಸ ಮಾತ್ರ."

ಅವನು ಹೇಳಿದ್ದು ಸುಳ್ಳಲ್ಲ. ಊರಿನ ಎಷ್ಟೋ ಮನೆಯ ಜವಳಿಗೆ ಇವಳನ್ನು ಕರೆದುಕೊಂಡು ಹೋಗುತ್ತಾರೆ. ಇವಳು ಡಬ್ಬಿ ಹಿಡಿದು ನಿಂತು ಪ್ರತಿ ಸೀರೆಗೂ ಒಂದೇ ಪ್ರಶ್ನೆ ಕೇಳುತ್ತಾಳೆ: "ಇದು ಉಟ್ಟು ಎಲ್ಲಿಗೆ ಹೋಗುದು?" ಹೋಗುವ ಜಾಗದ ಹೆಸರು ಹೇಳಿದರೆ ಸೀರೆ ಉಳಿಯುತ್ತದೆ. ಹೆಸರು ಬಾರದಿದ್ದರೆ ಫಯಾಝ್ ಮಡಚಬೇಕು. ಅಷ್ಟು ಸಣ್ಣ ಮಾತಿಗೆ ಜನ ಇವಳನ್ನು ಹೊತ್ತು ತಿರುಗುತ್ತಾರೆ. ಆ ಮಾತು ನನಗೂ ಬಾಯಿಪಾಠ ಇತ್ತು. ನನ್ನನ್ನು ಯಾರೂ ಕರೆಯಲಿಲ್ಲ.

ಈ ಸಲ ಫಯಾಝ್ ಕೈಮುಗಿದ. "ಅಮ್ಮ, ಇದು ರೇಷ್ಮೆ. ಡಬ್ಬಿ ಹೊರಗೆ ಇಡಿ. ಒಂದು ಹನಿ ಬಿದ್ರೆ ನನ್ನ ಕೆಲಸ ಹೋಗ್ತದೆ."

"ಹೊರಗೆ ಇಟ್ರೆ ಯಾರಾದ್ರೂ ಕಾಲು ಹಾಕಿ ಚೆಲ್ತಾರೆ."

"ನಾನು ಹಿಡ್ಕೊಳ್ತೇನೆ, ಕೊಡು" ಎಂದೆ ನಾನು.

ಎಲ್ಲರೂ ನನ್ನನ್ನು ಒಳ್ಳೆಯವಳೆಂದು ನೋಡಿದರು. ನನ್ನ ಲೆಕ್ಕವೇ ಬೇರೆ ಇತ್ತು. ಖಾಲಿ ಕೈಯಲ್ಲಿ ಕೂರಲಿ ಇವಳು, ನೋಡುವ ಎಷ್ಟು ದೊಡ್ಡವಳು ಎಂದು. ಡಬ್ಬಿ ತೆಗೆದುಕೊಂಡು ಹಾಸಿದ ಬಿಳಿ ಬಟ್ಟೆಯಿಂದ ಆಚೆ ಕುರ್ಚಿಯಲ್ಲಿ ಕೂತೆ. ತೊಡೆಯ ಮೇಲೆ ಡಬ್ಬಿ, ಅಡಿಗೆ ಬಟ್ಟೆತುಂಡು, ಎರಡೂ ಕೈ ಅಲ್ಲಿಗೆ ಸರಿ.

ಫಯಾಝ್ ಸೀರೆಗಳನ್ನು ಹಾರಿಸತೊಡಗಿದ. ಅಯ್ಯೋ, ಆ ಬಣ್ಣಗಳೇ! ನವಿಲಿನ ಕುತ್ತಿಗೆ, ಮಾವಿನ ಚಿಗುರು, ಅರಶಿನದ ಕೊಂಬು ಮುರಿದ ಹಾಗೆ ಒಂದು. ನನ್ನ ಬೆರಳುಗಳು ತಾವಾಗಿಯೇ ಡಬ್ಬಿಯ ತಗಡನ್ನು ಉಜ್ಜುತ್ತಿದ್ದವು, ಸೆರಗು ಉಜ್ಜುವ ಹಾಗೆ. ಏಳಬೇಕೆಂದರೆ ಎಣ್ಣೆ ಅಲುಗುತ್ತದೆ. ನನ್ನ ಜೀವಮಾನದಲ್ಲಿ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಮುಟ್ಟದೆ ಕೂತದ್ದು ಅದೇ ಮೊದಲು.

ಅಷ್ಟರಲ್ಲಿ ಫಯಾಝ್ ನೇರಳೆ ಹಣ್ಣಿನ ಬಣ್ಣದ ಒಂದು ಸೀರೆ ತೆಗೆದು, "ಎಣ್ಣೆಯಮ್ಮ, ಇವತ್ತಾದ್ರೂ ಮುಟ್ಟಿ ನೋಡಿ" ಎಂದು ಈಶ್ವರಿಯ ಕೈಗೆ ಇಟ್ಟ.

ಮತ್ತೆ ಬಾಯಲ್ಲಿ ಏನೂ ಹೇಳಲಿಲ್ಲ, ಅವಳ ಅಪ್ಪ ಕಲಿಸಿದ ಹಾಗೆಯೇ.

ಈಶ್ವರಿ ಅದನ್ನು ಹಿಡಿದುಕೊಂಡಳು. ಅಂಗೈ ಮಗುಚಿ ಅದರ ಮೇಲೆ ಎಳೆದಳು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡಳು. ಅವಳ ಬಾಯಿ ಮುಚ್ಚಿತು. ಅಷ್ಟೇ, ಮತ್ತೆ ಅವಳು ಯಾರ ಸೀರೆಯನ್ನೂ ನೋಡಲಿಲ್ಲ.

ಸಿಕ್ಕಿಬಿದ್ದಳು ಎಂದು ನನಗೆ ಹಾಲು ಕುಡಿದಷ್ಟು ಹಿತವಾಯಿತು.

ಕೇಳುವವರಿಲ್ಲದೆ ಸೊಸೆ ರಾಶಿ ಹಾಕತೊಡಗಿದಳು. "ಇದು ಚೌತಿಗೆ ಇರ್ಲಿ. ಇದು ಸುಮ್ಮನೆ ಒಂದು ಇರ್ಲಿ. ಇದು ಕೆಂಪು, ಕೆಂಪು ಇಲ್ಲದೆ ಆಗ್ತದಾ?" ಗಿರಿಧರ ಕಿಟಕಿಯಿಂದ ಜೀಪಿನ ಕಡೆ ನೋಡುತ್ತಿದ್ದ. ಮಣಭಾರದ ಒಂದು ಕೆಂಪು ಸೀರೆಯನ್ನು ಚಿನ್ಮಯೀಯ ಹೆಗಲಿಗೆ ಹಾಕಿ, ಧಾರೆಗೆ ಇದೇ ಎಂದು ತಾಯಿ ನಿಶ್ಚಯ ಮಾಡಿಯೂ ಆಯಿತು. ಚಿನ್ಮಯೀ ಎರಡು ಸಲ ಚಿಕ್ಕಜ್ಜಿಯ ಮುಖ ನೋಡಿದಳು. ಆ ಪ್ರಶ್ನೆ ಬರಲಿ ಎಂದು ಕಾಯುತ್ತಿದ್ದಳು. ಚಿಕ್ಕಜ್ಜಿಗೆ ಲೋಕದ ಪರಿವೆಯೇ ಇರಲಿಲ್ಲ.

ಕೈಗೆ ಕೆಲಸವಿದ್ದ ನನಗೆ ಕಣ್ಣಿಗೆ ಬೇರೆ ಕೆಲಸ ಇರಲಿಲ್ಲ. ಸೀರೆ ನೋಡಿ ಸಾಕಾಗಿ ಹುಡುಗಿಯ ಮುಖ ನೋಡಿದೆ. ಅವಳ ಕಣ್ಣು ಪಕ್ಕದ ಗಿರಾಕಿಗಳು ಬೇಡವೆಂದು ಬಿಟ್ಟುಹೋದ ರಾಶಿಯ ಕಡೆ ಹೋಯಿತು, ಕೂಡಲೇ ತಿರುಗಿತು. ಮತ್ತೆ ಹೋಯಿತು. ಅಲ್ಲೊಂದು ಹಸಿರು ಸೀರೆ, ಸಪೂರ ಅಂಚಿನದು. ಸಣ್ಣವಳಿದ್ದಾಗ ಬೆಲ್ಲದ ಡಬ್ಬದ ಕಡೆ ಹೀಗೆಯೇ ಕಳ್ಳನೋಟ ನೋಡುತ್ತಿದ್ದಳು. ನನ್ನ ಹಳೆಯ ಸೀರೆಯಲ್ಲಿ ಸುತ್ತಿದ್ದ ಮಗು, ಅದರ ನೋಟ ನನಗೆ ತಿಳಿಯದಾ?

"ಮಗಾ, ಆ ಕೆಂಪು ಉಟ್ಟು ಮತ್ತೆ ಎಲ್ಲಿಗೆ ಹೋಗುದು?" ಎಂದೆ.

ಅಂಗಡಿಯೇ ನನ್ನ ಕಡೆ ತಿರುಗಿತು. ಸೊಸೆಯ ಬಾಯಿ ತೆರೆದದ್ದು ಹಾಗೆಯೇ ಇತ್ತು. ಫಯಾಝ್, "ಇವರಿಗೂ ಹತ್ತಿತಲ್ಲ!" ಎಂದ.

"ಎಲ್ಲಿಗೂ ಇಲ್ಲಜ್ಜಿ" ಎಂದಳು ಚಿನ್ಮಯೀ, ಹೆಗಲಿನಿಂದ ಜಾರಿಸುತ್ತಾ.

"ಅದರ ಅಡಿಯದ್ದು?"

"ಗೊತ್ತಿಲ್ಲ."

"ಸುಮ್ಮನೆ ಒಂದು ಇರ್ಲಿ ಅಂದದ್ದು?"

"ಅದು ಅಮ್ಮನೇ ಹೇಳ್ಬೇಕು."

ಸೊಸೆ ನಕ್ಕುಬಿಟ್ಟಳು, ನಗದೆ ಗತಿ ಇರಲಿಲ್ಲ. ಫಯಾಝ್ ಮಡಚಿದ, ಮಡಚಿದ. ರಾಶಿ ಇಳಿಯಿತು. ಆಮೇಲೆ ನಾನು ಗಲ್ಲದಲ್ಲಿ ಆಚೆ ತೋರಿಸಿದೆ. "ಆ ಹಸಿರು?"

ಹುಡುಗಿಯ ಮುಖ ಕೆಂಪಾಯಿತು. "ಅದಾದ್ರೆ ಧಾರೆಗೂ ಆಗ್ತದೆ ಅಜ್ಜಿ. ಶಾಲೆಯ ವಾರ್ಷಿಕೋತ್ಸವಕ್ಕೆ ಉಡಬಹುದು. ಅವರ ಮನೆಯ ಪೂಜೆಗೆ ಉಡಬಹುದು. ಉಟ್ಟುಕೊಂಡು ಬಸ್ಸು ಹತ್ತಿ ನಿಮ್ಮನ್ನು ನೋಡ್ಲಿಕ್ಕೆ ಬರಬಹುದು."

"ಕೊಡು ಅವಳಿಗೆ" ಎಂದೆ ಫಯಾಝನಿಗೆ. ನಾನು ಮುಟ್ಟಲಿಲ್ಲ. ಮುಟ್ಟಬಾರದೆಂದು ಯಾರು ಎಣಿಸಿದ್ದರೋ ಅವರಿಗೂ ಸರಿಯಾಯಿತು. ಧಾರೆ ಸೀರೆ ಆರಿಸಿದ್ದು ಮಾತ್ರ ನಾನೇ.

ಆಗ ಈಶ್ವರಿಯ ಕಡೆ ತಿರುಗಿದೆ. ಇಷ್ಟು ವರ್ಷ ಕಾದ ಮಾತು, ಬಿಡಲು ಮನಸ್ಸಾಗಲಿಲ್ಲ.

"ನೀನು ಅದನ್ನು ಉಟ್ಟು ಎಲ್ಲಿಗೆ ಹೋಗುದು?"

ಅವಳು ನೇರಳೆ ಸೀರೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ನಾಚಿಕೆ ಪಡುತ್ತಾಳೆ ಎಂದು ನಾನು ಕಾದಿದ್ದೆ.

"ಎಲ್ಲಿಗೂ ಇಲ್ಲ ಅಕ್ಕ. ಇದು ನನಗೆ ಬೇಕು" ಎಂದಳು.

ಬೇಕು ಎಂಬ ಮಾತನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಎಷ್ಟು ತೂಕವಾಗಿ ಹೇಳಿದಳು! ನನ್ನ ಅಟ್ಟದಲ್ಲಿ ಅಷ್ಟೊಂದು ಸಾಮಾನು ಇದೆ. ಅದರಲ್ಲಿ ಒಂದನ್ನಾದರೂ ನಾನು ಹಾಗೆ ಮಡಿಲಲ್ಲಿ ಇಟ್ಟುಕೊಂಡದ್ದು ನೆನಪಿಲ್ಲ. ಅವಳು ವರ್ಷಗಟ್ಟಲೆ ಬೇಡ ಬೇಡ ಎಂದು ಕೂಡಿಟ್ಟ ಬೇಕನ್ನೆಲ್ಲ ಒಂದೇ ಸೀರೆಗೆ ಹಾಕಿಬಿಟ್ಟಳು. ನಾನು ಗೆದ್ದೆ ಎಂದುಕೊಂಡ ಗಳಿಗೆಯಲ್ಲೇ ಅವಳು ಮತ್ತೆ ನನಗಿಂತ ಒಂದು ಮೆಟ್ಟಿಲು ಮೇಲೆ ಹೋಗಿ ಕೂತಳು.

ಜೀಪಿನಲ್ಲಿ ಬರುವಾಗ ಗಿರಿಧರನಿಗೆ ಖುಷಿಯೋ ಖುಷಿ. ಕಾಲಿಡಲು ಜಾಗ ಇತ್ತಲ್ಲ! "ಅಂತೂ ಚಿಕ್ಕಮ್ಮನ ಡಬ್ಬಿ ನಮ್ಮನ್ನು ಉಳಿಸಿತು ಮಾರಾಯ್ರೆ" ಎಂದ.

"ಡಬ್ಬಿ ಹಿಡ್ಕೊಂಡದ್ದು ನಿನ್ನ ಅಮ್ಮ" ಎಂದಳು ಈಶ್ವರಿ.

"ಹಿಡ್ಕೊಂಡದ್ದು ಯಾರೇ ಆಗ್ಲಿ, ಡಬ್ಬಿ ನಿಮ್ಮದಲ್ವಾ?"

ನೋಡಿ, ಹೀಗೆ. ಎಣ್ಣೆ ಸೋರಿ ನನ್ನ ಸೀರೆ ಹಾಳಾಯಿತು, ಹೆಸರು ಡಬ್ಬಿಗೆ ಬಂತು. ಚಿನ್ಮಯೀ ಒಬ್ಬಳು ನನ್ನ ಭುಜಕ್ಕೆ ತಲೆ ಇಟ್ಟು, ಹಸಿರು ಸೀರೆಯ ಕಟ್ಟನ್ನು ಹಿಡಿದುಕೊಂಡು, ಕಾಣಿಯೂರು ಬರುವವರೆಗೂ ಮಲಗಿದಳು. ಅಷ್ಟು ದೂರ ನಾನು ಭುಜ ಅಲುಗಿಸಲಿಲ್ಲ.

ಮದುವೆಯ ದಿನ ಹಸಿರು ಸೀರೆಯಲ್ಲಿ ಹುಡುಗಿ ಎಷ್ಟು ಚಂದ ಕಂಡಳೆಂದು ನಾನು ಹೇಳಿದರೆ ಅಜ್ಜಿ ಹೇಳಿದ್ದು ಎಂದಾಗುತ್ತದೆ, ಹೇಳುವುದಿಲ್ಲ. ಈಶ್ವರಿ ನೇರಳೆ ಸೀರೆ ಉಟ್ಟು ಬಂದಳು. ಬಂದವರೆಲ್ಲ ಹುಡುಗಿಯನ್ನು ಒಮ್ಮೆ ನೋಡಿ, ಇವಳನ್ನು ಇನ್ನೊಮ್ಮೆ ನೋಡಿದರು. ಊಟಕ್ಕೆ ಬಂದಿದ್ದ ಫಯಾಝನ ಹೆಂಡತಿ ಹಸ್ನಾ ಅವಳ ಸೆರಗು ಹಿಡಿದು, "ಇಂಥದ್ದು ಅಂಗಡಿಯಲ್ಲಿ ಇರುವಾಗ ನಮ್ಮವರು ಮನೆಯಲ್ಲಿ ಒಂದು ಮಾತು ಹೇಳಿದ್ರಾ ನೋಡಿ" ಎಂದಳು. ರಾಮಪ್ರಸಾದನಂತೂ ಬಡಿಸುವುದನ್ನು ಬಿಟ್ಟು ಪಾಯಸದ ಬಕೆಟ್ ಹಿಡಿದುಕೊಂಡು ನಿಂತಿದ್ದ. ಆ ನೋಟವನ್ನು ನೋಡಲಾಗದೆ ನಾನು ಅಡುಗೆ ಕೊಟ್ಟಿಗೆಗೆ ಹೋದೆ.

ಈಗ ಕಡಬದಲ್ಲಿ ನನ್ನ ತಮ್ಮನ ಮನೆಯ ಜವಳಿ ಇದೆ. ಕರೆ ನನಗೇ ಬಂತು. ಮೊದಲ ಸಲ. ತಮ್ಮ ಶ್ರೀರಾಮ ಫೋನಿನಲ್ಲಿ, "ಅಕ್ಕ, ನೀನೇ ಬರ್ಬೇಕು, ಆದ್ರೆ ಬರುವಾಗ ಆ ಡಬ್ಬಿ ತಾ" ಎಂದ. ಹೇಗಾದರೂ ಸರಿ, ಕರೆ ಬಂತಲ್ಲ ಎಂದು ಅಂಗಳ ದಾಟಿ ಹೋದೆ. ಈಶ್ವರಿ ಸೀರೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಹಗ್ಗದ ಮೇಲೆ ನೇರಳೆ ಸೀರೆ ಗಾಳಿಗೆ ಆಡುತ್ತಿತ್ತು. ನನ್ನ ಎರಡೂ ಕೈ ಖಾಲಿ ಇದ್ದವು. ಒಂದು ಹೋಗಿ ಅದರ ಅಂಚು ಹಿಡಿಯಿತು.

"ಕಡಬಕ್ಕೆ ಜವಳಿಗೆ ಹೋಗ್ಲಿಕ್ಕುಂಟು" ಎಂದೆ.

"ಡಬ್ಬಿ ಬೇಕಾ ಅಕ್ಕ?"

"ಒಂದು ದಿನಕ್ಕೆ ಇದನ್ನು ಕೊಡ್ತೀಯಾ?"

ಈಶ್ವರಿ ನನ್ನ ಕೈಯನ್ನು ನೋಡಿದಳು, ಸೀರೆಯನ್ನು ನೋಡಿದಳು. ಒಳಗೆ ಹೋಗಿ ಡಬ್ಬಿ ತಂದಳು. ತುಂಬಿದ ಡಬ್ಬಿ, ಹಾಳೆ ಮುಚ್ಚಿ ಕಟ್ಟಿದ್ದು. ಅದನ್ನು ನನ್ನ ಕೈಗೆ ಕೊಟ್ಟು, ಅಡಿಗೆ ಬಟ್ಟೆತುಂಡು ಸರಿಮಾಡಿ, ನನ್ನ ಇನ್ನೊಂದು ಕೈಯನ್ನೂ ಸೀರೆಯಿಂದ ಬಿಡಿಸಿ ಅಲ್ಲಿಗೆ ತಂದಿಟ್ಟಳು.

"ಡಬ್ಬಿ ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ ಅಕ್ಕ. ಸೀರೆ ಕೊಡುದಿಲ್ಲ" ಎಂದಳು.